ನೀರುಗಂಟಿ

ಹಿಮ್ಮಡಿ ಚುಚ್ಚಿದ್ದು ಸರೋಜಿನಿ,
ಅಂಕಿ ಓದಿದ್ದು ನಾನು.
ಕೋಲಾರದ ದೊಡ್ಡಾಸ್ಪತ್ರೆ, ಲ್ಯಾಬಿನ ಕಿಟಕಿಬದಿಯ ಮೇಜು,
ಹೊಲಿಗೆ ಇನ್ನೂ ಹಸಿ, ಹೆರಿಗೆ ವಾರ್ಡಿನಿಂದ
ಗೋಡೆ ಹಿಡಿದು ನಡೆದು ಬಂದಿದ್ದೆ.
ಟಿ.ಎಸ್.ಎಚ್. ಸರಿಯಾಗಿದೆ ಎಂದಿತು ಯಂತ್ರ.
ಊರ ಮಕ್ಕಳಿಗೆಲ್ಲ ಬರೆಯುವ ಹಾಗೆ
ನಾರ್ಮಲ್ ಎಂದು ಬರೆದು ಸಹಿ ಹಾಕಿದೆ.
ಮಗನಿಗೆ ನಾನು ಕೊಟ್ಟ ಮೊದಲ ಕಾಗದ.
ಸುಳ್ಳಲ್ಲ ಅದು.

ಎಂಟು ತಿಂಗಳಾದರೂ ಮೋಕ್ಷಿತನ ಕತ್ತು ನಿಲ್ಲಲಿಲ್ಲ.
ಹೆಗಲ ಮೇಲೆ ಹಾಕಿಕೊಂಡರೆ
ಹಿಂಡದ ಟವೆಲಿನ ಹಾಗೆ ಇಳಿಬೀಳುವನು.
ಎದೆಗೆ ಕಿವಿಯಿಟ್ಟರೆ ಮಾತ್ರ
ಅಂತರಗಂಗೆ ಬೆಟ್ಟ ಓಡಿ ಹತ್ತಿದವನ ಗುಂಡಿಗೆ.
ಎಷ್ಟು ರಾಗಿಸರಿ ತಿನ್ನಿಸಿದರೂ ಮೈಗೆ ಹತ್ತದು.
ಬೆವರು, ಪುಷ್ಯದ ಬೆಳಗಿನಲ್ಲೂ.

ಒಂದು ರಾತ್ರಿ ಪಾಳಿಯಲ್ಲಿ, ಯಾರೂ ಬರೆದುಕೊಡದೆ,
ಅವನ ರಕ್ತಕ್ಕೆ ಟಿ-ತ್ರೀ ಹಾಕಿದೆ.
ಅಂಕಿ ಗೆರೆ ದಾಟಿ ಎಲ್ಲೋ ಮೇಲೆ.
ಯಂತ್ರ ತೊಳೆದು ಮತ್ತೊಮ್ಮೆ ಹಾಕಿದೆ.
ಅಷ್ಟೇ.

ಬೆಂಗಳೂರಿನ ಡಾಕ್ಟರು ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ರಕ್ತ ಇತ್ತ, ಮಿದುಳು ಅತ್ತ, ನಡುವೆ ಗೋಡೆ.
‘ಹಾರ್ಮೋನಿಗೆ ಬರವಿಲ್ಲಮ್ಮ,
ಒಳಗೆ ದಾಟಿಸುವ ಪ್ರೋಟೀನು ಕೆಲಸ ಮಾಡುತ್ತಿಲ್ಲ.
ಅರ್ಥವಾಯಿತೆ?’

ಆಗದೆ ಏನು.
ನಾನು ನೀರುಗಂಟಿ ಗಂಗುಲಪ್ಪನ ಮೊಮ್ಮಗಳು.
ಮುಳಬಾಗಿಲ ಕಡೆ ನಮ್ಮೂರು.
ಕಲ್ಲುಕಂಬ ಹಿಡಿದು ತಾತ ಕೆರೆಯೊಳಗೆ ಮುಳುಗಿ
ತೂಬಿನ ಬಿರಡೆ ಎತ್ತುತ್ತಿದ್ದ.
ಯಾರ ಗದ್ದೆಗೆ ಎಷ್ಟು ನೀರು, ಯಾವ ಹೊತ್ತಿಗೆ,
ಎಲ್ಲ ಅವನ ಉಸಿರಿನ ಲೆಕ್ಕ.
ಅವನು ಜ್ವರ ಹಿಡಿದು ಮಲಗಿದ ಆ ಒಂದು ಸಲ
ಕೆರೆ ಕೋಡಿ ಬಿದ್ದು ದನದ ಹಟ್ಟಿಗೆಲ್ಲ ನೀರು,
ತೂಬಿನ ಕೆಳಗೆ ನೆಲ ಬಿರಿದು
ತೆನೆ ಕಟ್ಟುವ ಪೈರು ನಿಂತಲ್ಲೇ ಒಣಗಿತು.
ಎದ್ದು ಹೋಗಿ ಬಿರಡೆ ಎತ್ತಿದ, ಎತ್ತದೆ ಇರಲಿಲ್ಲ.
ತಡವಾಗಿ ಬಂದ ನೀರು ಬೇರು ತೊಳೆಯಿತು, ಅಷ್ಟೆ.

ವರದಿ ಬಂತು. ಒಂದಕ್ಷರದ ತಪ್ಪು,
ಎಕ್ಸ್ ಕ್ರೋಮೋಸೋಮಿನಲ್ಲಿ. ತಾಯಿಯ ಕಡೆಯಿಂದ.

ಅಮ್ಮನಿಗೆ ಹೇಳಲು ಭಾನುವಾರದವರೆಗೆ ಕಾದೆ.
ನನಗಿಂತ ಮೊದಲು ಅವಳಿಗೆ ಇಬ್ಬರು ಗಂಡುಮಕ್ಕಳು,
ಒಬ್ಬ ಎರಡು ವರ್ಷ ಇದ್ದ, ಒಬ್ಬ ಐದು.
ಇಬ್ಬರೂ ಕತ್ತು ನಿಲ್ಲದವರು.
ಗರ ಎಂದರು, ತಾಯತ ಕಟ್ಟಿದರು,
ಪಿಳ್ಳಮ್ಮನ ಮೊಲೆಹಾಲೇ ಕೆಟ್ಟದ್ದು ಎಂದು
ಅತ್ತೆಮನೆಯಲ್ಲಿ ತೀರ್ಮಾನವಾಯಿತು.
ಎರಡನೆಯವನಿಗೆ ನೆರೆಮನೆಯವಳು ಮೊಲೆಯೂಡಿದಳು.

ಜಗಲಿಯಲ್ಲಿ ಕೂತು ಅವರೆಕಾಳು ಹಿತಕುತ್ತಿದ್ದಳು.
ಚೀಟಿಯ ಚಿತ್ರ ತೋರಿಸಿದೆ, ಕೆರೆ, ತೂಬು, ಕೋಡಿ ಎಲ್ಲ ಹೇಳಿದೆ.
ಬಹಳ ಹೊತ್ತು ಕಾಳು ಮಾತ್ರ ಸಿಡಿದು
ಪಾತ್ರೆಗೆ ಬೀಳುವ ಸದ್ದು.

‘ಹಂಗಾದರೆ ಅವರಿಗೂ ನೀರಿತ್ತೇನೆ?’
‘ಇತ್ತಮ್ಮ. ಬೇಕಾದ್ದಕ್ಕಿಂತ ಹೆಚ್ಚೇ.’
‘ಹಾಲು ಕೆಟ್ಟಿರಲಿಲ್ಲ?’
‘ಇಲ್ಲ.’
ಸೆರಗಿನಿಂದ ಮುಖವನ್ನಲ್ಲ, ಕೈ ಒರೆಸಿಕೊಂಡಳು.
‘ಬಾಗಿಲು ಮಾತ್ರ ನನ್ನದು.’
ನಾನು ಓದಿದ ಓದಿನಲ್ಲಿ
ಅದಕ್ಕೆ ಉತ್ತರವಿರಲಿಲ್ಲ.

ತಂಗಿಗೆ ಇನ್ನೂ ಹೇಳಿಲ್ಲ. ಮಾಲೂರಿನ ಗಂಡು ನೋಡಿ ಹೋಗಿದ್ದಾನೆ.
ಅವಳ ರಕ್ತ ತೆಗೆಯಬೇಕು, ನಾನೇ ತೆಗೆಯಬೇಕು,
ಫೋನು ಎತ್ತುತ್ತೇನೆ, ಊಟವಾಯಿತಾ ಎಂದು ಕೇಳಿ ಇಡುತ್ತೇನೆ.

ಒಂದು ಮಾತ್ರೆ ಇದೆಯಂತೆ. ಗುಂಡಿಗೆಯ ಓಟ ತಗ್ಗೀತು,
ಮೈ ಕೊಂಚ ತುಂಬೀತು.
ಕತ್ತಿನ ಮಾತು ಯಾರೂ ಎತ್ತುವುದಿಲ್ಲ.
ಲ್ಯಾಬಿನಲ್ಲಿ ಇವತ್ತು ಹದಿನಾಲ್ಕು ಹಿಮ್ಮಡಿ.
ನಾರ್ಮಲ್ ಎಂಬಲ್ಲಿ ಪೆನ್ನು ತುಸು ತಡೆದು
ಬರೆಯುತ್ತದೆ.

ಸಂಜೆ ಮನೆಗೆ ಬಂದರೆ
ಅಮ್ಮ ಮೋಕ್ಷಿತನನ್ನು ತೊಡೆಯ ಮೇಲೆ ಒರಗಿಸಿಕೊಂಡು
ಅವನ ಗಲ್ಲದ ಕೆಳಗೆ ಎಡಗೈ ಕೊಟ್ಟಿದ್ದಾಳೆ.
ಹಿತಕಿದವರೆ ಸಾರು, ನುಣ್ಣಗೆ ಕಿವುಚಿದ ಅನ್ನ.
ಒಂದು ತುತ್ತು ಇಳಿಯಲು ಹತ್ತು ನಿಮಿಷ.
ಹಿತ್ತಾಳೆ ಲೋಟಕ್ಕೆ ಬಳೆ ತಾಗಿದರೆ ನಗುತ್ತಾನೆ,
ಅದಕ್ಕೇ ಆಗಾಗ ತಾಗಿಸುತ್ತಾಳೆ.
ಕೈ ಜೋಮು ಹಿಡಿದಿರಬೇಕು.
ತೆಗೆಯುವುದಿಲ್ಲ.